ಮೂಡಿಗೆರೆ ಮಳೆಗೆ ವಾಷಿಂಗ್ಟೋನಿಯಾ ಸುಳಿ ಕೈಗೇ ಕಿತ್ತು ಬಂತು. ಉಳಿದ ಗಿಡ ಉಳಿಸಿಕೊಳ್ಳುವುದು ಹೇಗೆ?

ಮೂಡಿಗೆರೆ_ತೋಟದಮನೆ (ಆಗಸ್ಟ್ 4)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಸ್ವಲ್ಪ ಒಳಗೆ ನಮ್ಮ ಕಾಫಿ ತೋಟ. ಮನೆಗೆ ಬರುವ ದಾರಿಯ ಎರಡೂ ಕಡೆ ಎಂಟು ಫ್ಯಾನ್ ಪಾಮ್ (ಬೀಸಣಿಗೆಯಂಥ ಎಲೆಯ ತಾಳೆ ಜಾತಿ ಮರ) ಹಾಕಿದ್ದೇನೆ. ನರ್ಸರಿಯವರು ವಾಷಿಂಗ್ಟೋನಿಯಾ ಅಂತ ಕೊಟ್ಟರು. ಕಡೂರಿನಲ್ಲಿ ನಮ್ಮ ಬಾವನ ಮನೆ ಮುಂದೆ ಇದೇ ಮರ ತೆಂಗನ್ನು ಮೀರಿಸಿ ನಿಂತಿದೆ. ಅದನ್ನು ನೋಡಿ ಆಸೆಪಟ್ಟು ತಂದಿದ್ದು. ಮೂರು ವರ್ಷ ಆಯ್ತು, ಈಗ ನನ್ನ ಎದೆಮಟ್ಟ ಇವೆ.

ಜುಲೈನಲ್ಲಿ ಎರಡು ವಾರ ಬಿಡದೆ ಸುರಿಯಿತು. ಮಳೆ ಸ್ವಲ್ಪ ಹೊಳವಾದಾಗ ಹೋಗಿ ನೋಡಿದರೆ ಮೂರು ಗಿಡದ ಸುಳಿ ಗರಿ ಬಾಡಿ ಓರೆಯಾಗಿತ್ತು. ಒಂದನ್ನು ಸುಮ್ನೆ ಹಿಡಿದೆ ಅಷ್ಟೇ, ಕೈಗೇ ಬಂತು. ಬುಡದ ಕಡೆ ಒಂದು ಗೇಣು ಕಂದು ಬಣ್ಣ, ಲೋಳೆ ಲೋಳೆ. ಕೊಳೆ ಬಂದ ಅಡಿಕೆಯಂಥ ವಾಸನೆ. ಇನ್ನೆರಡು ಗಿಡದಲ್ಲಿ ಸುಳಿ ಗಟ್ಟಿ ಇದೆ, ಆದರೆ ಕೆಳಗಿನ ಹಳೇ ಗರಿಗಳಲ್ಲಿ ಕಿತ್ತಳೆ ಚುಕ್ಕೆ, ತುದಿಯಿಂದ ಒಣಗುತ್ತಿವೆ. ಉಳಿದ ಮೂರಕ್ಕೆ ಏನೂ ಆಗಿಲ್ಲ.

ಸುತ್ತ ಪಾತಿ ಮಾಡಿದ್ದೇನೆ. ವರ್ಷಕ್ಕೆ ಎರಡು ಸಲ ಕೊಟ್ಟಿಗೆ ಗೊಬ್ಬರ ಬುಡಕ್ಕೇ ಹಾಕುತ್ತೇನೆ. ಸುಳಿ ಕಿತ್ತು ಬಂದ ಗಿಡ ಬದುಕುತ್ತದಾ? ಒಣಗಿದ ಗರಿ ಕತ್ತರಿಸಿಬಿಡಲಾ? ಅಥವಾ ನಮ್ಮ ಮಲೆನಾಡಿಗೆ ಈ ಮರವೇ ಆಗಿಬರುವುದಿಲ್ಲವಾ?

ಸಕಲೇಶಪುರ_ಹಸಿರು (ಆಗಸ್ಟ್ 4)

ಅಯ್ಯೋ, ಬೇಜಾರಿನ ಸಂಗತಿ. ಮೊದಲು ಹುಳುವಿನ ಕಾಟ ಇದೆಯಾ ನೋಡಿ. ಹೊಸ ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇದ್ದರೆ ರೈನೋಸರಸ್ ದುಂಬಿ. ಕಾಂಡದಲ್ಲಿ ತೂತು, ಅಗಿದು ಹಾಕಿದ ನಾರು, ಕಂದು ರಸ ಇದ್ದರೆ ಕೆಂಪುಮೂತಿ ಹುಳು. ಕೊಟ್ಟಿಗೆ ಗೊಬ್ಬರವನ್ನು ಬುಡಕ್ಕೆ ರಾಶಿ ಹಾಕಬೇಡಿ. ಆ ದುಂಬಿ ಮರಿ ಮಾಡುವುದೇ ಗೊಬ್ಬರದಲ್ಲಿ.

ಅರಸೀಕೆರೆ_ತೆಂಗು (ಆಗಸ್ಟ್ 5)

ತೋಟದಮನೆಯವರೇ, ಔಷಧಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಎಂಟು ಗಿಡದ ದಂಟನ್ನೂ ಹತ್ತಿರದಿಂದ ನೋಡಿ ಬನ್ನಿ. ವಾಷಿಂಗ್ಟೋನಿಯಾ ಅಂದರೆ ಒಂದೇ ಮರ ಅಲ್ಲ, ಎರಡು ಜಾತಿ. ನರ್ಸರಿಗಳಲ್ಲಿ ಎರಡೂ ಕಲೆತುಹೋಗಿರುತ್ತವೆ, ಎರಡರ ಮಿಶ್ರತಳಿಯೂ ಇರುತ್ತದೆ.

ರೊಬಸ್ಟಾ ಅನ್ನುವುದು ಮೆಕ್ಸಿಕೋದ್ದು. ಹೆಸರು ರೊಬಸ್ಟಾ ಆದರೂ ಕಾಂಡ ಸಪೂರ. 25 ಮೀಟರಿಗೂ ಮೇಲೆ ಹೋಗುತ್ತದೆ. ಎಲೆ ಹೊಳೆಯುವ ಹಸಿರು, ದಂಟು ಕೆಂಪು ಮಿಶ್ರಿತ ಕಂದು, ಅಂಚಿನುದ್ದಕ್ಕೂ ಮುಳ್ಳು. ಎಲೆ ತಿರುಗಿಸಿ ನೋಡಿದರೆ ದಂಟು ಎಲೆಗೆ ಸೇರುವ ಜಾಗದಲ್ಲಿ ಕಂದು ಮಚ್ಚೆ ಇರುತ್ತದೆ. ಫಿಲಿಫೆರಾ ಅನ್ನುವುದು ಕ್ಯಾಲಿಫೋರ್ನಿಯಾ ಮರುಭೂಮಿಯದ್ದು. ಕಾಂಡ ದಪ್ಪ, ಎಲೆ ಬೂದು ಹಸಿರು, ದಂಟು ಹಸಿರು. ಎಲೆಯಂಚಲ್ಲಿ ಬಿಳಿ ನೂಲು ಜೋತಾಡುತ್ತದೆ. ಆದರೆ ಎಳೇ ಗಿಡದಲ್ಲಿ ನೂಲು ಎರಡಕ್ಕೂ ಇರುತ್ತದೆ, ಅದನ್ನೊಂದೇ ನಂಬಬೇಡಿ.

ಇದು ಯಾಕೆ ಮುಖ್ಯ ಅಂದರೆ, ಫಿಲಿಫೆರಾ ಬೆಳೆಯುವುದು ಮರುಭೂಮಿಯ ಒರತೆಗಳ ಸುತ್ತ. ಪಾಮ್ ಸ್ಪ್ರಿಂಗ್ಸ್ ಊರಿಗೆ ಆ ಹೆಸರು ಬಂದಿದ್ದರಲ್ಲಿ ಈ ಮರದ ಪಾಲಿದೆ. ಅಲ್ಲಿ ವರ್ಷಕ್ಕೆ ಸರಾಸರಿ 150 ಮಿ.ಮೀ. ಮಳೆಯೂ ಇಲ್ಲ. ಬೇರು ನೀರಲ್ಲಿ, ತಲೆ ಒಣ ಗಾಳಿಯಲ್ಲಿ. ಮೂಡಿಗೆರೆಯಲ್ಲಿ 2000 ಮಿ.ಮೀ. ದಾಟುತ್ತದೆ, ಅದೂ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಸುಳಿಯ ಬಟ್ಟಲಲ್ಲಿ ನೀರು ಆರುವುದೇ ಇಲ್ಲ. ರೊಬಸ್ಟಾ ಹಾಗಲ್ಲ, ಮಳೆ ಜಾಸ್ತಿ ಇರುವ ಫ್ಲೋರಿಡಾದಲ್ಲೂ ಚೆನ್ನಾಗಿ ಬರುತ್ತದೆ. ಅಲ್ಲಿ ಫಿಲಿಫೆರಾ ಸೊರಗುತ್ತದೆ.

ಇನ್ನೊಂದು, ನೆಡುವಾಗ ಕಾಂಡದ ಬುಡ ಮಣ್ಣಲ್ಲಿ ಹೂತು ಹೋಗಿತ್ತಾ?

ಮೂಡಿಗೆರೆ_ತೋಟದಮನೆ (ಆಗಸ್ಟ್ 6)

ಸಾರ್, ನೀವು ಹೇಳಿದ ಮೇಲೆ ಛತ್ರಿ ಹಿಡಿದುಕೊಂಡು ಒಂದೊಂದೇ ಗಿಡ ನೋಡಿ ಬಂದೆ. ಕೊಳೆತ ಮೂರೂ ಬೂದು ಹಸಿರು, ದಂಟಲ್ಲಿ ಕೆಂಪೇ ಇಲ್ಲ. ಉಳಿದ ಐದಕ್ಕೂ ದಂಟು ಕಂದು, ಎಲೆ ಹಿಂದೆ ಮಚ್ಚೆ ಇದೆ. ಸಿಲ್ವರ್ ಓಕ್ ಮರದ ಹನಿ ಬಿದ್ದು ಹೀಗಾಗಿದೆ ಅಂದುಕೊಂಡಿದ್ದೆ. ಆದರೆ ಕೊಳೆತ ಮೂರರಲ್ಲಿ ಎರಡು ಪೂರ್ತಿ ಬಯಲಲ್ಲೇ ಇವೆ.

ಹುಳದ ತೂತು ಎಲ್ಲೂ ಕಾಣಲಿಲ್ಲ. ಪಾತಿಯಲ್ಲಿ ನೀರು ನಿಂತಿತ್ತು. ಕೈ ಹಾಕಿ ಕೆರೆದರೆ ಬುಡದ ಮೇಲೆ ಆರು ಬೆರಳಷ್ಟು ಮಣ್ಣು, ಗೊಬ್ಬರ ಸೇರಿಕೊಂಡಿದೆ. ಗಾಳಿಗೆ ಬೀಳಬಾರದು ಅಂತ ನಾನೇ ಏರಿಸಿದ್ದೆ.

ಅರಸೀಕೆರೆ_ತೆಂಗು (ಆಗಸ್ಟ್ 6)

ಹಾಗಾದರೆ ವಿಷಯ ಸ್ಪಷ್ಟ ಆಯ್ತು. ಇದು ಸುಳಿ ಕೊಳೆ. ತೆಂಗಿಗೆ ಬರುವ ಸುಳಿ ಕೊಳೆಗೆ ಏನು ಮಾಡುತ್ತೇವೋ ಇದಕ್ಕೂ ಅದೇ. ತಾಳೆ ಜಾತಿಯ ಇಂಥ ಮರಗಳಿಗೆ ಇರುವುದು ಒಂದೇ ಮೊಳಕೆ, ಆ ಸುಳಿಯೊಳಗೆ. ಪಕ್ಕದಿಂದ ಕೊಂಬೆ ಒಡೆಯುವುದಿಲ್ಲ. ಅದಕ್ಕೆ ಇವತ್ತೇ ಕೆಲಸ ಶುರು ಮಾಡಿ.

ಚೂಪಾದ ಚಾಕು ತಗೊಂಡು ಕೊಳೆತ ಭಾಗ ಪೂರ್ತಿ ಕೆತ್ತಿ ತೆಗೆಯಿರಿ. ಬಿಳಿಯ, ಗಟ್ಟಿ ತಿರುಳು ಸಿಗುವವರೆಗೆ ನಿಲ್ಲಿಸಬೇಡಿ. ತಿರುಳು ಸಿಕ್ಕರೆ ಆಸೆ ಇದೆ. ಚಾಕು ಮೆತ್ತಗೆ ಕೆಳಗೆ ಇಳಿಯುತ್ತಲೇ ಹೋದರೆ ಆ ಗಿಡ ಹೋಯಿತು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಚಾಕು ಸ್ಪಿರಿಟ್‌ನಲ್ಲಿ ಒರೆಸಿ. ಕೆತ್ತಿದ ಚೂರನ್ನು ಅಡಿಕೆ ಬುಡಕ್ಕೆ ಎಸೆಯಬೇಡಿ, ಸುಟ್ಟುಬಿಡಿ. ಈ ಶಿಲೀಂಧ್ರ ಅಡಿಕೆಗೂ ತೆಂಗಿಗೂ ಹತ್ತುತ್ತದೆ.

ಆಮೇಲೆ ಬೋರ್ಡೋ ಮುಲಾಮು. ಅಡಿಕೆಗೆ ಹೊಡೆಯುವ ತೆಳು ದ್ರಾವಣ ಅಲ್ಲ, ಮುಲಾಮು. 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ. ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕರಗಲಿ. ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತಾ ಸುರಿಯಿರಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಗಾಯಕ್ಕೆ ಹಚ್ಚಿ, ಮೇಲೆ ಮಳೆ ನೀರು ಇಳಿಯದ ಹಾಗೆ ಪ್ಲಾಸ್ಟಿಕ್ ಅಥವಾ ಅಗಲ ಬಾಯಿಯ ಮಡಕೆ ಕವುಚಿ. ಸ್ವಲ್ಪ ಗಾಳಿಯಾಡಲಿ. ಪದೇ ಪದೇ ಹಚ್ಚಬೇಡಿ, ತಾಮ್ರ ಜಾಸ್ತಿಯಾದರೆ ಎಳೇ ತಿರುಳೇ ಸುಡುತ್ತದೆ.

ಎಂಟೂ ಗಿಡದ ಪಾತಿ ಒಡೆದು ಹಾಕಿ. ಬುಡದ ಮೇಲಿನ ಮಣ್ಣು ಬಿಡಿಸಿ, ಅಡಿಕೆ ತೋಟದ ಥರ ಬಸಿಗಾಲುವೆ ತೆಗೆಯಿರಿ. ಪಾತಿ ನಮ್ಮ ಅರಸೀಕೆರೆಗೆ ಬೇಕು, ನಿಮಗೆ ದಿಬ್ಬ ಬೇಕು.

ಇನ್ನು ಆ ಕಿತ್ತಳೆ ಚುಕ್ಕೆಯ ಎರಡು ಗಿಡ. ಅದು ರೋಗ ಅಲ್ಲ, ಪೊಟ್ಯಾಷ್ ಕೊರತೆ. ಅಷ್ಟು ಮಳೆಗೆ ಪೊಟ್ಯಾಷ್ ಕೊಚ್ಚಿಕೊಂಡು ಹೋಗುತ್ತದೆ. ಗಿಡ ಹಳೇ ಗರಿಯಿಂದ ಅದನ್ನು ಎಳೆದು ಹೊಸ ಗರಿಗೆ ಕೊಡುತ್ತಿದೆ. ಆ ಗರಿ ಕತ್ತರಿಸಿದರೆ ಗಿಡದ ಬುತ್ತಿಯನ್ನೇ ಕಿತ್ತುಕೊಂಡ ಹಾಗೆ, ಅದರ ಮೇಲಿನ ಗರಿಗೂ ಚುಕ್ಕೆ ಬರುತ್ತದೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ಮಳೆ ಹಿಡಿತಕ್ಕೆ ಬಂದ ಮೇಲೆ ಗಿಡಕ್ಕೆ 100 ಗ್ರಾಂ ಪೊಟ್ಯಾಷ್, ಬುಡದಿಂದ ಎರಡು ಅಡಿ ದೂರ ಸುತ್ತಲೂ. ವರ್ಷಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ. ಜೊತೆಗೆ ಮಣ್ಣು ಪರೀಕ್ಷೆ ಮಾಡಿಸಿ. ನಿಮ್ಮ ಊರಲ್ಲೇ ತೋಟಗಾರಿಕೆ ಕಾಲೇಜು ಇದೆ ಅಲ್ವಾ, ಅಲ್ಲಿ ವಿಚಾರಿಸಿ.

ಕಡೂರು_ಬಯಲು (ಆಗಸ್ಟ್ 8)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಕಡೂರು ಕಡೆ, ಮಳೆ 600 ಮಿ.ಮೀ. ಆಸುಪಾಸು. ಕೊಳೆಯ ಕಾಟ ಇಲ್ಲ. ಆದರೆ ನನ್ನ ರೊಬಸ್ಟಾದ ಹೊಸ ಗರಿಗಳು ಚಿಕ್ಕದಾಗಿ, ಮುದುಡಿ, ಬೆಂಕಿ ತಗುಲಿದ ಹಾಗೆ ಬರುತ್ತಿವೆ. ಹಳೇ ಗರಿ ಹಸಿರಾಗಿಯೇ ಇವೆ. ಬೋರ್ ನೀರು ಗಡಸು, ಡ್ರಿಪ್ ತುದಿಯಲ್ಲೆಲ್ಲ ಬಿಳಿ ಪುಡಿ ಕಟ್ಟುತ್ತದೆ.

ಅರಸೀಕೆರೆ_ತೆಂಗು (ಆಗಸ್ಟ್ 8)

ಅಣ್ಣ, ನಿಮ್ಮದು ಮೂಡಿಗೆರೆಯವರದ್ದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಹಳೇ ಗರಿಯಲ್ಲಿ ತೊಂದರೆ, ನಿಮಗೆ ಹೊಸ ಗರಿಯಲ್ಲಿ. ಇದು ಮ್ಯಾಂಗನೀಸ್ ಕೊರತೆ ಇದ್ದ ಹಾಗಿದೆ. ಸುಣ್ಣದ ಅಂಶ ಇರುವ ಮಣ್ಣಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಗಡಸು ನೀರು ಅದನ್ನು ಇನ್ನೂ ಬಿಗಿ ಮಾಡುತ್ತದೆ. ಮ್ಯಾಂಗನೀಸ್ ಸಲ್ಫೇಟ್ ಲೀಟರಿಗೆ 3 ಗ್ರಾಂ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ತಿಂಗಳು ಬಿಟ್ಟು ಮತ್ತೊಮ್ಮೆ. ಅಂಗಡಿಯಲ್ಲಿ ಚೀಟಿ ಓದಿ ತಗೊಳ್ಳಿ. ಮ್ಯಾಂಗನೀಸ್ ಕೇಳಿದರೆ ಮೆಗ್ನೀಸಿಯಂ ಕೊಟ್ಟುಬಿಡುತ್ತಾರೆ, ನನಗೇ ಒಂದು ವರ್ಷ ಹಾಗಾಯಿತು. ಮುದುಡಿದ ಗರಿ ಸರಿಯಾಗಲ್ಲ. ಮುಂದೆ ಬರುವ ಗರಿ ನೋಡಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು.

ಕರೆಂಟ್ ತಂತಿ ಕೆಳಗೆ ಇದ್ದರೆ ಈಗಲೇ ಬೇರೆ ಕಡೆ ಹಾಕಿ. ವಾಷಿಂಗ್ಟೋನಿಯಾ ಸ್ಥಳ ಬದಲಾವಣೆ ತಡೆದುಕೊಳ್ಳುತ್ತದೆ.

ಸಕಲೇಶಪುರ_ಹಸಿರು (ಆಗಸ್ಟ್ 9)

ನಮ್ಮ ತಾಟಿನಿಂಗಿನ ಮರವನ್ನು ಯಾರೂ ನೆನೆಸಿಕೊಳ್ಳಲಿಲ್ಲವಲ್ಲ! ಅದೂ ಫ್ಯಾನ್ ಪಾಮೇ. ಕಡೂರಿನಂಥ ಬಯಲಿಗೆ ಅದಕ್ಕಿಂತ ಗಟ್ಟಿ ಮರ ಇಲ್ಲ. ಕುಂಡದಲ್ಲಿ ಬೆಳೆಸಿ ನೆಟ್ಟರೆ ಮಾತ್ರ ಬರುವುದಿಲ್ಲ. ಬೀಜದಿಂದ ಬರುವ ಮೊಳಕೆ ಮೊದಲು ನೆಲದೊಳಕ್ಕೆ ಆಳವಾಗಿ ಇಳಿದು, ಆಮೇಲೆ ಎಲೆ ಮೇಲಕ್ಕೆ ಕಳಿಸುತ್ತದೆ. ಎಲ್ಲಿ ಬೇಕೋ ಅಲ್ಲೇ ಬೀಜ ಹೂಳಿ. ತಾಳ್ಮೆ ಬೇಕು, ಕಾಂಡ ಏಳುವುದಕ್ಕೇ ವರ್ಷಗಳು ಹಿಡಿಯುತ್ತವೆ.

ತೋಟದಮನೆಯವರು ಸತ್ತ ಗಿಡದ ಜಾಗಕ್ಕೆ ಲಿವಿಸ್ಟೋನಾ ಚೈನೆನ್ಸಿಸ್ ನೋಡಬಹುದು. ತೇವ ಇಷ್ಟಪಡುವ ಮರ, ಎಲೆ ತುದಿ ಕಾರಂಜಿ ಹಾಗೆ ಜೋತು ಬೀಳುತ್ತದೆ. ಎತ್ತರ ನಿಧಾನ. ನಮ್ಮ ಮನೆ ಹಿಂದೆ ಎರಡಿವೆ, ಎಂಥ ಮಳೆಗೂ ಜಗ್ಗಿಲ್ಲ.

ಮೂಡಿಗೆರೆ_ತೋಟದಮನೆ (ಅಕ್ಟೋಬರ್ 27)

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯ್ತು ಅಂತ ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ಮೂರರಲ್ಲಿ ಒಂದು ಹೋಯಿತು. ಚಾಕು ಬುಡದವರೆಗೂ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಕಿತ್ತು ಸುಟ್ಟೆ. ಎರಡನೆಯದರಲ್ಲಿ ಬಿಳಿ ತಿರುಳು ಸಿಕ್ಕಿತ್ತು, ಆದರೂ ಇನ್ನೂ ಏನೂ ಹೊರಟಿಲ್ಲ. ಮಡಕೆ ಹಾಗೇ ಇಟ್ಟಿದ್ದೇನೆ. ಮೂರನೆಯದು ಗಣೇಶ ಹಬ್ಬ ಕಳೆದ ಮೇಲೆ ಒಂದು ಗರಿ ದೂಡಿತು. ಅರ್ಧಕ್ಕೆ ಕತ್ತರಿಸಿದ ಹಾಗೆ, ಅಂಚೆಲ್ಲ ಕಂದು. ಆದರೂ ಬುಡ ಹಸಿರಾಗಿದೆ. ಅದನ್ನು ನೋಡಿ ನಮ್ಮಮ್ಮ ದಾರಿಯಲ್ಲೇ ಕುಳಿತುಬಿಟ್ಟರು, ಅಷ್ಟು ಖುಷಿ.

ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಷ್ ಕಡಿಮೆ ಅಂತಲೇ ಬಂತು. ರೊಬಸ್ಟಾ ಐದೂ ದಿಬ್ಬದ ಮೇಲೆ ನಿಂತಿವೆ. ಚುಕ್ಕೆ ಗರಿ ಕತ್ತರಿಸಿಲ್ಲ. ಹೊಸ ಗರಿಯಲ್ಲಿ ಸದ್ಯಕ್ಕೆ ಚುಕ್ಕೆ ಇಲ್ಲ. ಸತ್ತದ್ದರ ಜಾಗಕ್ಕೆ ಲಿವಿಸ್ಟೋನಾ ತರಿಸಿದ್ದೇನೆ, ಮಳೆ ಪೂರ್ತಿ ಹೋದ ಮೇಲೆ ನೆಡುತ್ತೇನೆ.

ಬದುಕಿದ ಗಿಡದ ಸುಳಿಗೂ ಪಕ್ಕದ ದಂಟಿಗೂ ಸೇರಿಸಿ ಮಾರ್ಕರ್ ಪೆನ್ನಲ್ಲಿ ಒಂದು ಅಡ್ಡ ಗೆರೆ ಎಳೆದಿದ್ದೆ. ಒಂಬತ್ತು ದಿನ ಆಯ್ತು. ಇವತ್ತು ಬೆಳಿಗ್ಗೆ ನೋಡಿದರೆ ಸುಳಿಯ ಮೇಲಿನ ಗೆರೆ ಎರಡು ಬೆರಳು ಮೇಲಕ್ಕೆ ಹೋಗಿದೆ.