ಮುಂದಿನ ಎರಡು ಚಕ್ರಕ್ಕಷ್ಟೇ ವಿಂಟರ್ ಟೈರ್ ಹಾಕಿಸಿದರೆ ಸಾಕಾ?

ಹಾನುಬಾಳು ತೋಟ:
ಮಗಳು ಕೆನಡಾದ ಒಟ್ಟಾವಾದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲೇ ಒಂದು ಹಳೇ ಕೊರೊಲಾ ಕಾರು ತಗೊಂಡಿದ್ದಾಳೆ, ಫ್ರಂಟ್ ವೀಲ್ ಡ್ರೈವ್. ನಾಲ್ಕಕ್ಕೂ ವಿಂಟರ್ ಟೈರ್ (ಚಳಿ, ಹಿಮಕ್ಕೆ ಅಂತಲೇ ಮಾಡಿದ್ದು) ದುಬಾರಿ, ಎಳೆಯೋದು ಮುಂದಿನ ಚಕ್ರ ತಾನೇ, ಅವೆರಡಕ್ಕೆ ಹಾಕಿಸ್ತೀನಿ ಅಂತಾಳೆ. ನನಗೆ ಗೊತ್ತಿರೋದು ಮಳೆಗಾಲದ ಕೆಸರು, ಜೀಪು ಅಷ್ಟೇ. ಹಿಮದಲ್ಲಿ ಓಡಿಸಿದವರು ಯಾರಾದ್ರೂ ಇದ್ದರೆ ಹೇಳಿ.

ಮೂಡಿಗೆರೆಯವನು:
ಬೇಡ ಅಣ್ಣ, ದಯವಿಟ್ಟು ಬೇಡ ಅನ್ನಿ. ನಾನು ಅದೇ ಊರಲ್ಲಿ ಕೆಲಸ ಮಾಡಿ ಬಂದವನು. ಎಂಜಿನ್, ಗೇರ್‌ಬಾಕ್ಸ್ ಭಾರ ಮುಂದಿನ ಚಕ್ರದ ಮೇಲೇ ಕೂರೋದರಿಂದ ಆ ಕಾರು ಹಿಮದಲ್ಲೂ ಚೆನ್ನಾಗೇ ಹೊರಡುತ್ತೆ. ಕಷ್ಟ ಇರೋದು ನಿಲ್ಲಿಸೋದರಲ್ಲಿ, ತಿರುಗಿಸೋದರಲ್ಲಿ. ತೋಟದ ದಾರೀಲೂ ಜೀಪು ಇಳಿಸುವಾಗಲೇ ಅಲ್ವಾ ಜೀವ ಬಾಯಿಗೆ ಬರೋದು? ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರಾಗುತ್ತೆ. ಮುಂದಿನ ಟೈರ್ ರಸ್ತೆ ಕಚ್ಚಿಕೊಂಡಿರುತ್ತೆ, ಹಿಂದಿನದಕ್ಕೆ ಹಿಡಿತವೇ ಇರಲ್ಲ. ಹಿಂಭಾಗ ಹೊರಕ್ಕೆ ಬೀಸಿ ಕಾರು ಗಿರ್ರಂತ ತಿರುಗಿಬಿಡುತ್ತೆ.

ಚಳಿ ಸುಮಾರು 7 ಡಿಗ್ರಿಗಿಂತ ಇಳಿದರೆ ಮಾಮೂಲಿ ಟೈರಿನ ರಬ್ಬರ್ ಬಿರುಸಾಗುತ್ತೆ. ಅಲ್ಲಿ ಜನವರಿಯಲ್ಲಿ ಮೈನಸ್ 20ಕ್ಕೂ ಹೋಗುತ್ತೆ. ವಿಂಟರ್ ಟೈರಿನ ರಬ್ಬರ್ ಆಗಲೂ ಮೆತ್ತಗಿರುತ್ತೆ. ಕೈಯಲ್ಲಿ ಹಿಡಿದು ನೋಡಿದರೆ ಮೈತುಂಬಾ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳು. ಆ ಅಂಚುಗಳೇ ಹಿಮ ಹಿಡಿಯೋದು. ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಗುರುತು ನೋಡಿ ತಗೊಳ್ಳಲಿ. ಬರೀ ಎಂ+ಎಸ್ (ಮಡ್, ಸ್ನೋ, ಅಂದರೆ ಕೆಸರು, ಹಿಮ) ಅಂತಿದ್ದರೆ ಸಾಲದು.

ಒಟ್ಟಾವಾ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ ವಿಂಟರ್ ಟೈರ್ ಕಡ್ಡಾಯ ಇಲ್ಲ, ಅದಕ್ಕೇ ಇಂಥ ಉಳಿತಾಯದ ಯೋಚನೆ ಬರೋದು. ನದಿ ದಾಟಿದರೆ ಕ್ವಿಬೆಕ್ ಪ್ರಾಂತ್ಯ. ಅಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಾಕಲೇಬೇಕು.

ಹಾಸನ ಟೈರ್ ಅಂಗಡಿ:
ಸರಿಯಾಗಿ ಹೇಳಿದ್ದೀರಿ. ಇಲ್ಲೂ ಗಿರಾಕಿ ಎರಡೇ ಹೊಸ ಟೈರ್ ತಗೊಂಡರೆ ನಾನು ಹಿಂದಕ್ಕೇ ಹಾಕೋದು. ಶಿರಾಡಿ ಘಾಟಿಯ ಮಳೆಯಲ್ಲಿ ಹಿಂಭಾಗ ಜಾರಿದರೆ ಸ್ಟೀರಿಂಗ್‌ನಲ್ಲಿ ಸಂಭಾಳಿಸೋದು ತುಂಬಾ ಕಷ್ಟ. ಇನ್ನೊಂದು ಮಾತು, ತಾಪಮಾನ 5-6 ಡಿಗ್ರಿ ಇಳಿದ ಹಾಗೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಕಮ್ಮಿಯಾಗುತ್ತೆ. ಆಗಾಗ ಚೆಕ್ ಮಾಡಿಸಲಿ.

ಹಾನುಬಾಳು ತೋಟ:
ಫೋನಲ್ಲಿ ಓದಿ ಹೇಳಿದೆ, ಒಪ್ಪಿದಳು. ದುಡ್ಡು ನಾನೇ ಕಳಿಸ್ತೀನಿ. ರಿಮ್ ಬೇರೆ ಬೇಕಾ?

ಮೂಡಿಗೆರೆಯವನು:
ಇದ್ದರೆ ಒಳ್ಳೇದು ಅಣ್ಣ, ಪ್ರತಿ ಸಲ ಟೈರ್ ಕಿತ್ತು ಕೂರಿಸೋ ಕೂಲಿ ಉಳಿಯುತ್ತೆ. ಸಾದಾ ಸ್ಟೀಲ್ ರಿಮ್ ಸಾಕು. ಚಳಿ ಪೂರ್ತಿ ಹೋದ ಮೇಲೆ ಬಿಚ್ಚಿಸಲಿ, ಬೇಸಿಗೇಲಿ ಓಡಿಸಿದರೆ ಆ ರಬ್ಬರ್ ಬೇಗ ಸವೆಯುತ್ತೆ.