ಅಪ್‌ಡೇಟ್: ನಮ್ಮ ಹೈಸ್ಕೂಲಿನ ಮಳೆಮಾಪಕ

ದುಡ್ಡಿಲ್ಲದೆ ಮಕ್ಕಳ ಕೈಲಿ ಮಳೆ ಅಳೆಸೋದು ಹೇಗೆ ಅಂತ ಕೇಳಿದ್ದೆ, ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಅಂದಿದ್ರಿ. ಚೆನ್ನಾಗಿ ಆಯ್ತು! ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸಿನವರೇ ಎಲ್ಲ ಮಾಡಿದ್ದು. ಬಾಟಲಿಯ ತಳ ಉಬ್ಬುತಗ್ಗು ಇರುತ್ತಲ್ಲ, ಅಲ್ಲಿಗೆ ಕಲ್ಲು ತುಂಬಿ, ನೇರ ಭಾಗ ಶುರುವಾಗೋವರೆಗೆ ನೀರು ಹಾಕಿ ಸೊನ್ನೆ ಗುರುತು ಮಾಡಿದ್ರು. ಮರದ ಹನಿ ಬೀಳದ ಹಾಗೆ ಬಯಲಲ್ಲಿ ಇಟ್ಟಿದ್ದೇವೆ. ಹವಾಮಾನ ಇಲಾಖೆಯ ಹಾಗೆ ಬೆಳಿಗ್ಗೆ 8.30ಕ್ಕೇ ನೋಡ್ತಾರೆ, ಪ್ರಾರ್ಥನೆ ಹೊತ್ತಿನ ವಾರ್ತೆಯಲ್ಲಿ ಮಳೆ ಲೆಕ್ಕವೂ ಸೇರಿದೆ. 1 ಮಿ.ಮೀ. ಅಂದ್ರೆ ಚದರ ಮೀಟರಿಗೆ 1 ಲೀಟರ್ ನೀರು ಅಂತ ತಿಳಿದಿದ್ದೇ ಶಾಲೆಯ ಹೆಂಚಿನ ಮಾಡಿನ ಮೇಲೆ ಎಷ್ಟು ನೀರು ಬೀಳುತ್ತೆ ಅನ್ನೋ ಲೆಕ್ಕಕ್ಕೆ ಇಳಿದರು. ಗಣಿತ ಅಂದ್ರೆ ಹಿಂದೆ ಸರೀತಿದ್ದ ಹುಡುಗಿಯೇ ಅಳತೆಪಟ್ಟಿ ಹಿಡಿದಿದ್ದಾಳೆ, ನನಗೆ ಅದೇ ದೊಡ್ಡ ಖುಷಿ. ಮಳೆ ರಜೆ ಕೊಟ್ಟ ದಿನ ಅಳೆಯೋರು ಯಾರು ಅನ್ನೋದಿನ್ನೂ ಬಾಕಿ. ಪಕ್ಕದ ಮನೆಯವರನ್ನ ಕೇಳ್ತೀವಿ.