ಎನ್‌ಎಫ್‌ಎಲ್ ಡ್ರಾಫ್ಟ್: ಕೊನೇ ರೌಂಡ್‌ಗಳ ಹುಡುಗರನ್ನ ಮುಂಚೇನೇ ಗುರುತಿಸೋದು ಹೇಗೆ?

ಬನಶಂಕರಿ_ಎಂಡ್‌ಝೋನ್ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಅಮೆರಿಕನ್ ಫುಟ್ಬಾಲ್ ನೋಡೋರು ಬೆಂಗಳೂರಲ್ಲಿ ಕಮ್ಮಿ, ಆದ್ರೂ ಇಲ್ಲಿ ಒಂದಷ್ಟು ಜನ ಇದೀರ ಅಂತ ಗೊತ್ತು, ಅದಕ್ಕೇ ಕೇಳ್ತಿದೀನಿ. ನಮ್ಮ ಆಫೀಸ್ ಟೀಮಲ್ಲಿ ಅರ್ಧ ಜನ ಅಮೆರಿಕದಲ್ಲಿ ಇನ್ನರ್ಧ ಇಲ್ಲಿ ಬೆಳ್ಳಂದೂರಲ್ಲಿ, ಪ್ರತಿ ಏಪ್ರಿಲ್ ಡ್ರಾಫ್ಟ್‌ಗೆ (ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಟೀಮ್‌ಗಳು ಕಾಲೇಜು ಹುಡುಗರನ್ನ ಸರದಿ ಪ್ರಕಾರ 7 ರೌಂಡಲ್ಲಿ ಆರಿಸ್ಕೊಳೋದು) ಮುಂಚೆ ಒಂದು ಆಟ ಇಟ್ಕೊಂಡಿದೀವಿ. ಮೊದಲ 3 ರೌಂಡಲ್ಲಿ ಹೋಗೋರು ಲೆಕ್ಕಕ್ಕಿಲ್ಲ. 4ರಿಂದ 7ನೇ ರೌಂಡಲ್ಲಿ ಹೋಗೋರು, ಇಲ್ಲಾ ಯಾರೂ ತಗೊಳ್ದೇ ಉಳಿಯೋರು, ಅವರಲ್ಲಿ ಮುಂದೆ ನಿಜವಾಗ್ಲೂ ಆಡೋರು ಯಾರು ಅಂತ 5 ಹೆಸರು ಬರ್ದಿಡ್ಬೇಕು, ಎರಡು ಸೀಸನ್ ಆದ್ಮೇಲೆ ತೆಗೆದು ನೋಡ್ತೀವಿ.

ನನ್ನ ಕಷ್ಟ ಏನಂದ್ರೆ ಯಾವ ಸೈಟ್ ತೆಗೆದ್ರೂ ಅದೇ 100 ಹೆಸರು, ಅದರಾಚೆ ಕತ್ತಲೆ. ಆಮೇಲೆ ದೊಡ್ಡ ಸ್ಟಾರ್ ಆದ ಟಾಮ್ ಬ್ರೇಡಿ 2000ದಲ್ಲಿ 199ನೇ ಪಿಕ್ (ಆಯ್ಕೆ), ಬ್ರಾಕ್ ಪರ್ಡಿ 2022ರಲ್ಲಿ ಕಟ್ಟಕಡೆಯ 262ನೇ ಪಿಕ್, ಈ ಕಥೆ ಎಲ್ರೂ ಹೇಳ್ತಾರೆ, ಆದ್ರೆ ಆಗಿ ಹೋದ್ಮೇಲೆ ಹೇಳೋದು. ಮುಂಚೆ ಏನು ನೋಡ್ಬೇಕಿತ್ತು ಅನ್ನೋದನ್ನ ಯಾರೂ ಹೇಳಲ್ಲ. ಹೈಲೈಟ್ಸ್ ವಿಡಿಯೋ ನೋಡಿದ್ರೆ ಎಲ್ಲರೂ ಸೂಪರ್ ಸ್ಟಾರ್ ಥರಾನೇ ಕಾಣ್ತಾರೆ. ದಯವಿಟ್ಟು ದಾರಿ ತೋರ್ಸಿ.

---

ಸ್ಟೀಲ್‌ಸಿಟಿ_ಮಲ್ಲೇಶ್ವರಂ:

ಗುರು, ತುಂಬಾ ಒಳ್ಳೆ ಪ್ರಶ್ನೆ. ಹುಡುಗ ಎಷ್ಟು ಚೆನ್ನಾಗಿದಾನೆ ಅನ್ನೋದು ಆಮೇಲೆ, ಮೊದ್ಲು ಅವನ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ ಅಂತ ಹುಡುಕಿ. ಆ ಕಾರಣ ಹುಡುಗನ ಆಟದಲ್ಲೇ ಇದ್ರೆ ಬಿಟ್ಬಿಡಿ. ಕಾರಣ ಆಟದ ಹೊರಗಿದ್ರೆ, ಅಂದ್ರೆ ಸಣ್ಣ ಕಾಲೇಜು, ಒಂದು ವರ್ಷದ ಗಾಯ, ತಪ್ಪು ಜಾಗದಲ್ಲಿ ಆಡ್ಸಿದ್ದು, ವಯಸ್ಸು ಜಾಸ್ತಿ ಆಯ್ತು ಅನ್ನೋ ಮಾತು, ಆಗ ಕೂತು ಟೇಪ್ ನೋಡಿ.

ಈ ಕೆಲಸವನ್ನ ಎಲ್ರಿಗಿಂತ ಚೆನ್ನಾಗಿ ಮಾಡಿದ್ದು ಬಿಲ್ ನನ್. ಅವ್ರು ಮೊದ್ಲು ಪಿಟ್ಸ್‌ಬರ್ಗ್ ಕೊರಿಯರ್ ಅನ್ನೋ ಕಪ್ಪು ಜನರ ಪತ್ರಿಕೇಲಿ ಕ್ರೀಡಾ ವರದಿಗಾರ, ವರ್ಷಾವರ್ಷ ಕಪ್ಪು ಕಾಲೇಜುಗಳ ಅತ್ಯುತ್ತಮ ಆಟಗಾರರ ಪಟ್ಟಿ ಮಾಡ್ತಿದ್ರು. ದಕ್ಷಿಣದ ಆ ಕಾಲೇಜುಗಳ ಕಡೆ ಬಹಳಷ್ಟು ಟೀಮ್‌ನೋರು ತಲೆ ಹಾಕ್ತಾನೂ ಇರ್ಲಿಲ್ಲ. ಪಿಟ್ಸ್‌ಬರ್ಗ್‌ನ ಎನ್‌ಎಫ್‌ಎಲ್ ಟೀಮ್ ಸ್ಟೀಲರ್ಸ್ ಅವರನ್ನ ಸ್ಕೌಟ್ (ಹೊಸ ಆಟಗಾರರನ್ನ ಹುಡುಕೋರು) ಮಾಡ್ಕೊಂಡ್ರು. 1974ರ ಡ್ರಾಫ್ಟಲ್ಲಿ ಸ್ಟೀಲರ್ಸ್ ತಗೊಂಡಿದ್ದು ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, 4ನೇ ರೌಂಡಲ್ಲಿ ಅಲಬಾಮಾ ಎ ಆಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್, 5ನೇ ರೌಂಡಲ್ಲಿ ಮೈಕ್ ವೆಬ್‌ಸ್ಟರ್, ಡ್ರಾಫ್ಟ್ ಮುಗಿದ್ಮೇಲೆ ಸೌತ್ ಕೆರೊಲಿನಾ ಸ್ಟೇಟ್‌ನ ಡಾನಿ ಶೆಲ್. ಐದೂ ಜನ ಹಾಲ್ ಆಫ್ ಫೇಮ್, ಅಂದ್ರೆ ಆಟದ ಸಾರ್ವಕಾಲಿಕ ಶ್ರೇಷ್ಠರ ಸಾಲು. ಒಂದೇ ವರ್ಷದಲ್ಲಿ! ಸ್ಟಾಲ್‌ವರ್ತ್ ವಿಷ್ಯದಲ್ಲಿ ಒಂದು ಪ್ರಸಂಗ ಹೇಳ್ತಾರೆ. ಸ್ಕೌಟ್‌ಗಳ ಗುಂಪು ಬಂದು ಒದ್ದೆ ನೆಲದ ಮೇಲೆ ಓಡ್ಸಿ ಟೈಮ್ ನೋಡ್ತು, ಟೈಮ್ ಚೆನ್ನಾಗಿ ಬರ್ಲಿಲ್ಲ, ಎಲ್ರೂ ಮುಂದಿನ ಊರಿಗೆ ಹೊರಟ್ರು, ನನ್ ಮಾತ್ರ ಮೈ ಹುಷಾರಿಲ್ಲ ಅಂತ ಅಲ್ಲೇ ಉಳ್ಕೊಂಡು ಒಣ ನೆಲದಲ್ಲಿ ಮತ್ತೆ ಓಡ್ಸಿದ್ರು ಅಂತ. ಹುಡುಗ ಅವನೇ, ಬದಲಾಗಿದ್ದು ನೆಲ. 2021ರಲ್ಲಿ ನನ್ ಅವರಿಗೂ ಹಾಲ್ ಆಫ್ ಫೇಮ್ ಬಂತು.

ನಮ್ಮ ಕಡೆ ಕ್ರಿಕೆಟ್‌ಗೆ ಗದಗದಿಂದ ಸುನಿಲ್ ಜೋಶಿ, ದಾವಣಗೆರೆಯಿಂದ ವಿನಯ್ ಕುಮಾರ್ ಬಂದ್ರಲ್ಲ, ಅವರನ್ನೂ ಯಾರೋ ಒಬ್ರು ಹೋಗಿ ಕಣ್ಣಾರೆ ನೋಡಿದ್ದಕ್ಕೇ ತಾನೆ ಬೆಂಗಳೂರಿಗೆ ಗೊತ್ತಾಗಿದ್ದು.

ಈಗಿನ ಕಾಲದ್ದು ಬೇಕಾದ್ರೆ ಕೂಪರ್ ಕಪ್. ಈಸ್ಟರ್ನ್ ವಾಷಿಂಗ್ಟನ್ ಅನ್ನೋ ಕೆಳಗಿನ ಡಿವಿಷನ್ ಕಾಲೇಜು, 40 ಯಾರ್ಡ್ ಓಟ 4.62 ಸೆಕೆಂಡ್, ರಿಸೀವರ್‌ಗೆ (ಓಡಿ ಪಾಸ್ ಹಿಡಿಯೋನು) ಅದು ನಿಧಾನ, 2017ರಲ್ಲಿ 3ನೇ ರೌಂಡ್ 69ನೇ ಪಿಕ್. ನಿಮ್ಮ ಆಟದ ಲೆಕ್ಕಕ್ಕೆ ಬರಲ್ಲ ಆದ್ರೂ ಪಾಠ ಅದೇ. ಸಣ್ಣ ಕಾಲೇಜುಗಳು ವರ್ಷಕ್ಕೆ ಒಂದೋ ಎರಡೋ ಮ್ಯಾಚ್ ದೊಡ್ಡವರ ಮೇಲೆ ಆಡ್ತವೆ, ಆ ಮ್ಯಾಚ್ ಮಾತ್ರ ತೆಗೆದು ನೋಡಿ. 2015ರಲ್ಲಿ ಆರೆಗಾನ್ ಮೇಲೆ ಕಪ್ 15 ಕ್ಯಾಚ್, 246 ಯಾರ್ಡ್. ಮುಂದಿನ ವರ್ಷ ವಾಷಿಂಗ್ಟನ್ ಸ್ಟೇಟನ್ನ ಅವರ ಊರಲ್ಲೇ 45-42 ಸೋಲ್ಸಿದ್ರು. ಎದುರಿಗೆ ಯಾರು ನಿಂತ್ರೂ ಅವನು ಅವನ ಆಟಾನೇ ಆಡ್ತಿದ್ದ, ಸ್ಟಾಪ್‌ವಾಚ್‌ಗೆ ಅದು ಕಾಣಲ್ಲ. 2021ರಲ್ಲಿ ಎನ್‌ಎಫ್‌ಎಲ್‌ನಲ್ಲೇ 145 ಕ್ಯಾಚ್, 1,947 ಯಾರ್ಡ್, ಮೇಲೆ ಫೈನಲ್ ಆದ ಸೂಪರ್ ಬೌಲ್‌ನ ಎಂವಿಪಿ (ಅತ್ಯುತ್ತಮ ಆಟಗಾರ).

---

ಲೈನ್_ಮಾತ್ರ_ನೋಡೋನು:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಂದೇ ಒಂದು ಸೇರಿಸ್ತೀನಿ, ನಿಮ್ಮ ಐದು ಹೆಸರಲ್ಲಿ ಎರಡಾದ್ರೂ ಲೈನ್‌ಮನ್ (ಮುಂದಿನ ಸಾಲಲ್ಲಿ ನಿಂತು ಎದುರಾಳಿನ ತಡೆಯೋನು) ಇರ್ಲಿ. ಬಾಲ್ ಹಿಂದೆ ಓಡೋ ಕಣ್ಣಿಗೆ ಲೈನ್‌ಮನ್ ಕಾಣಲ್ಲ, ಅದಕ್ಕೇ ಅಲ್ಲಿ ಒಳ್ಳೇವ್ರು ಉಳ್ಕೊಂಡಿರ್ತಾರೆ.

ನೋಡೋ ರೀತಿ ಹೇಳ್ತೀನಿ. ಬಾಲ್ ಮರ್ತುಬಿಡಿ. ಒಬ್ಬ ಟ್ಯಾಕಲ್‌ನ (ಆ ಸಾಲಿನ ತುದೀಲಿ ನಿಲ್ಲೋನು) ಹಿಡ್ಕೊಳಿ, ಸ್ನ್ಯಾಪ್ (ಬಾಲ್ ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಆದ ತಕ್ಷಣ ಅವನ ಕಾಲು ಮಾತ್ರ ನೋಡಿ. ಹಿಂದಕ್ಕೆ ಸರಿಯುವಾಗ ಎರಡು ಪಾದದ ಮಧ್ಯೆ ಅಂತರ ಹಾಗೇ ಉಳಿಯುತ್ತಾ, ಇಲ್ಲಾ ಪಾದಗಳು ಹತ್ರ ಬಂದು ಎದುರಾಳಿ ಒಂದು ತಳ್ಳು ತಳ್ಳಿದ್ರೆ ವಾಲಿಬಿಡ್ತಾನಾ? ಆಮೇಲೆ ಕೈ. ಮೊದಲು ಎದೆ ಮುಟ್ಟೋನು ಯಾರು? ಕೈ ಎದುರಾಳಿ ಎದೆ ಒಳಗೆ ಬೀಳ್ತಿದ್ರೆ ಸರಿ, ಹೊರಗೆ ಭುಜದ ಮೇಲೆ ಬೀಳ್ತಿದ್ರೆ ಮೇಲಿನ ಲೆವೆಲ್‌ನಲ್ಲಿ ಹೋಲ್ಡಿಂಗ್ ಪೆನಾಲ್ಟಿ ಗ್ಯಾರಂಟಿ. ಮೂರನೇ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಮತ್ತೆ ಅದೇ ನೋಡಿ, ಸುಸ್ತಾದಾಗ ಟೆಕ್ನಿಕ್ ಕಳ್ಚಿ ಬೀಳೋರೇ ಜಾಸ್ತಿ.

ಕ್ವಿನ್ ಮೈನರ್ಜ್ ಗೊತ್ತಾ? ವಿಸ್ಕಾನ್ಸಿನ್-ವೈಟ್‌ವಾಟರ್, ಡಿವಿಷನ್ 3, ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೂಡ ಕೊಡಲ್ಲ. 2020ರಲ್ಲಿ ಕೋವಿಡ್‌ನಿಂದ ಅವರ ಸೀಸನ್ನೇ ನಡೀಲಿಲ್ಲ. ಕಾಲೇಜಲ್ಲಿ ಗಾರ್ಡ್ (ಸೆಂಟರ್ ಪಕ್ಕದೋನು) ಆಡಿದ್ದವನು ಆ ಖಾಲಿ ವರ್ಷದಲ್ಲಿ ಸೆಂಟರ್ (ಲೈನ್ ನಡುವೆ ನಿಂತು ಬಾಲ್ ಹಿಂದಕ್ಕೆ ಕೊಡೋನು) ಕೆಲಸ ಕಲ್ತ್ಕೊಂಡ. 2021ರ ಸೀನಿಯರ್ ಬೌಲ್ (ಡ್ರಾಫ್ಟ್‌ಗೆ ಮುಂಚೆ ಆಯ್ದ ಕಾಲೇಜು ಆಟಗಾರರು ಆಡೋ ಮ್ಯಾಚ್) ಪ್ರಾಕ್ಟೀಸ್‌ಗೆ ಅಲಬಾಮಾದ ಮೊಬೀಲ್‌ಗೆ ಬಂದು, ಜೆರ್ಸಿ ಮೇಲಕ್ಕೆ ಮಡಚ್ಕೊಂಡು ಹೊಟ್ಟೆ ಬಿಟ್ಕೊಂಡು, ದೊಡ್ಡ ದೊಡ್ಡ ಕಾಲೇಜಿನ ಡಿಫೆನ್ಸಿವ್ ಲೈನ್‌ನೋರನ್ನ ಎತ್ತಿ ಬಿಸಾಕ್ದ. ಬ್ರಾಂಕೋಸ್ ಟೀಮ್‌ನೋರು 98ನೇ ಪಿಕ್‌ಗೆ ತಗೊಂಡ್ರು, 2024ರಲ್ಲಿ ಆಲ್-ಪ್ರೋ (ಆ ವರ್ಷದ ಅತ್ಯುತ್ತಮರ ತಂಡ). ಸೀನಿಯರ್ ಬೌಲ್ ಮ್ಯಾಚ್ ನೋಡದೇ ಇದ್ರೂ ನಡೆಯುತ್ತೆ, ಅದಕ್ಕೆ ಮುಂಚೆ ನಡೆಯೋ ಪ್ರಾಕ್ಟೀಸ್‌ನ ಒಬ್ಬರಿಗೊಬ್ಬರು ಡ್ರಿಲ್ ಮಾತ್ರ ತಪ್ಪಿಸ್ಕೋಬೇಡಿ. ಸಣ್ಣ ಕಾಲೇಜಿನ ಹುಡುಗ ಮೊದಲ ದಿನ ತಡವರಿಸಿ ಮೂರನೇ ದಿನ ಸರಿ ಹೋದ್ರೆ ಅವನ ಹೆಸರು ಬರ್ದಿಟ್ಕೊಳಿ, ಕಲಿಯೋನು ಅವನು.

ಹೆಸರಾಂತ ಸೆಂಟರ್ ಜೇಸನ್ ಕೆಲ್ಸಿ ಕೂಡ ಹಂಗೇ, 2011ರಲ್ಲಿ 6ನೇ ರೌಂಡ್, 191ನೇ ಪಿಕ್. ಸೆಂಟರ್‌ಗೆ ತೂಕ ಸಾಲ್ದು ಅಂತ ಎಲ್ರೂ ಬಿಟ್ರು. ಕಾಲೇಜಿಗೆ ಸ್ಕಾಲರ್‌ಶಿಪ್ ಇಲ್ದೇ ಸೇರಿದ್ದವನು, ಬೇರೆ ಜಾಗದಲ್ಲಿ ಆಡಿ ಆಮೇಲೆ ಲೈನ್‌ಗೆ ಬಂದೋನು, ಅದಕ್ಕೇ ಆ ಓಟ ಬೇರೆ ಸೆಂಟರ್‌ಗಳಲ್ಲಿ ಇರ್ಲಿಲ್ಲ.

---

ಫಿಸಿಯೋ_ಬಸವನಗುಡಿ:

ನಾನು ಸ್ಪೋರ್ಟ್ಸ್ ಫಿಸಿಯೋ, ಆಟ ನೋಡೋಕೆ ಶುರು ಮಾಡಿದ್ದು ಯಜಮಾನ್ರಿಂದ. ಗಾಯದ ವಿಷ್ಯ ಹೇಳ್ತೀನಿ, ಯಾಕಂದ್ರೆ ಕೊನೇ ರೌಂಡ್‌ಗೆ ಜಾರೋ ಹುಡುಗರಲ್ಲಿ ಬಹಳ ಜನ ಜಾರೋದು ಇದ್ರಿಂದಾನೇ. ಡ್ರಾಫ್ಟ್‌ಗೆ ಮುಂಚೆ ಈಗ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನ ಪರೀಕ್ಷೆ ಮಾಡೋ ಕಂಬೈನ್ ಅಂದ್ರೆ ಟಿವಿಲಿ ಓಟ ಜಿಗಿತ ಕಾಣುತ್ತೆ, ಆದ್ರೆ 1982ರಲ್ಲಿ ಅದು ಶುರುವಾಗಿದ್ದೇ ಹಲವು ಟೀಮ್‌ಗಳ ಡಾಕ್ಟರ್‌ಗಳು ಒಂದೇ ಕಡೆ ಹುಡುಗರ ಮೈ ಪರೀಕ್ಷೆ ಮಾಡ್ಲಿ ಅಂತ. ಆ ರಿಪೋರ್ಟ್ ನಮಗೆ ಸಿಗಲ್ಲ. ಸಿಗೋದು ಯಾವ ಗಾಯ, ಎಷ್ಟು ಮ್ಯಾಚ್ ತಪ್ತು ಅನ್ನೋದಷ್ಟೇ, ಅದೂ ಸಾಕಷ್ಟು ಹೇಳುತ್ತೆ.

ಮಾಂಸಖಂಡದ ಗಾಯ ಬೇರೆ, ಕೀಲಿನೊಳಗಿನ ಮೃದ್ವಸ್ಥಿ ಗಾಯ ಬೇರೆ. ಹ್ಯಾಮ್‌ಸ್ಟ್ರಿಂಗ್‌ನಿಂದ (ತೊಡೆ ಹಿಂಭಾಗದ ಮಾಂಸಖಂಡ) ಒಂದು ಸೀಸನ್ ಹಾಳಾದ್ರೆ ಸರಿಯಾದ ತರಬೇತಿ ಕೊಟ್ರೆ ಆ ಹುಡುಗ ವಾಪಸ್ ಬರೋ ಸಾಧ್ಯತೆ ಚೆನ್ನಾಗಿದೆ. ಮೃದ್ವಸ್ಥಿ ಸವೆದಿದ್ರೆ ಅದು ಮತ್ತೆ ಮೊದಲಿನ ಥರ ಬೆಳೆಯಲ್ಲ. ಒಂದೇ ಮಂಡಿಗೆ ಎರಡನೇ ಸಲ ಆಪರೇಷನ್ ಆಗಿದ್ರೆ ನಾನಂತೂ ಹೆಸರು ಹಾಕಲ್ಲ. ಬಾಲ್ ಹಿಡ್ಕೊಂಡು ಓಡೋ ಜಾಗದಲ್ಲಿ ಆಡ್ತಿದ್ದ ಟೆರೆಲ್ ಡೇವಿಸ್ ಕಥೆ ಓದಿ. ಮೊದಲು ಸೇರಿದ್ದ ಲಾಂಗ್ ಬೀಚ್ ಸ್ಟೇಟ್ ಕಾಲೇಜು ಫುಟ್ಬಾಲನ್ನೇ ನಿಲ್ಲಿಸ್ತು, ಜಾರ್ಜಿಯಾಗೆ ಹೋದ, ಅಲ್ಲಿ ಹ್ಯಾಮ್‌ಸ್ಟ್ರಿಂಗ್ ಕಾಟ, 1995ರಲ್ಲಿ 6ನೇ ರೌಂಡ್ 196ನೇ ಪಿಕ್. 1998ರಲ್ಲಿ ಒಂದೇ ಸೀಸನ್ 2,008 ಯಾರ್ಡ್ ಓಡ್ದ. ಮುಂದೆ ಅವನ ಆಟ ಬೇಗ ಮುಗಿದಿದ್ದು ಮಂಡಿ ಗಾಯದಿಂದ. ಒಬ್ಬನ ಜೀವನದಲ್ಲೇ ಎರಡೂ ಥರದ ಗಾಯ ಇದೆ ನೋಡಿ. ಹುಡುಗ 21 ವರ್ಷಕ್ಕೆ ಯಾಕೆ ಆಡ್ಲಿಲ್ಲ ಅನ್ನೋದನ್ನ ದಯವಿಟ್ಟು ಸರಿಯಾಗಿ ಓದಿ, ‘ಗಾಯಾಳು’ ಅಂತ ಒಂದೇ ಚೀಟಿ ಅಂಟಿಸ್ಬೇಡಿ.

---

ಎರಡನೇ_ಸ್ಟೇಜ್:

ಎಲ್ಲಾ ಸರಿ, ಆದ್ರೆ ಒಂದು ವಿಷ್ಯ ಒಪ್ಪಲ್ಲ. ಸಣ್ಣ ಕಾಲೇಜಲ್ಲಿ ಹುಡುಕಿ ಅನ್ನೋ ಸಲಹೆ ಹಳೇದಾಯ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಾಯಿಸೋ ಆಟಗಾರರು ಹೆಸರು ಹಾಕೋ ಆನ್‌ಲೈನ್ ಪಟ್ಟಿ) ಬಂತು, 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಲ್ಲಿ ದುಡ್ಡೂ ಮಾಡಬಹುದು. ಸಣ್ಣ ಕಾಲೇಜಲ್ಲಿ ಒಬ್ಬ ಚೆನ್ನಾಗಿ ಆಡಿದ್ರೆ ಮುಂದಿನ ವರ್ಷ ದೊಡ್ಡ ಕಾಲೇಜು ಎಳ್ಕೊಂಡು ಹೋಗುತ್ತೆ. ಕ್ವಾರ್ಟರ್‌ಬ್ಯಾಕ್ (ಪಾಸ್ ಹಾಕೋನು) ಕ್ಯಾಮ್ ವಾರ್ಡ್ ನೋಡಿ, ಶುರು ಮಾಡಿದ್ದು ಇನ್‌ಕಾರ್ನೇಟ್ ವರ್ಡ್ ಅನ್ನೋ ಸಣ್ಣ ಕಾಲೇಜು, ಆಮೇಲೆ ವಾಷಿಂಗ್ಟನ್ ಸ್ಟೇಟ್, ಆಮೇಲೆ ಮಯಾಮಿ, 2025ರಲ್ಲಿ ಇಡೀ ಡ್ರಾಫ್ಟ್‌ಗೇ ಮೊದಲನೇ ಪಿಕ್. ಹೈಸ್ಕೂಲಿನಲ್ಲಿ ಅವನ ಟೀಮ್ ಪಾಸ್ ಹಾಕ್ತಿದ್ದಿದ್ದೇ ಕಮ್ಮಿ ಅಂತ ಕಾಲೇಜುಗಳು ಕಣ್ಣೆತ್ತಿ ನೋಡಿರ್ಲಿಲ್ಲ. ಮುಂಚೆ ಆಗಿದ್ರೆ ಅವನು ಸಣ್ಣ ಕಾಲೇಜಲ್ಲೇ ಮುಗಿಸಿ 5ನೇ ರೌಂಡಲ್ಲಿ ಬರ್ತಿದ್ದನೋ ಏನೋ.

ಹಂಗಾಗಿ ಈಗ ಹುಡುಕ್ಬೇಕಾದ್ದು ದೊಡ್ಡ ಕಾಲೇಜಿನ ಒಳಗೇನೇ. ಟೀಮ್ ಆಡೋ ರೀತಿಯಿಂದ ಮುಚ್ಚಿಹೋದವ್ರು. ಜಾರ್ಜ್ ಕಿಟಲ್ ಅಯೋವಾದಲ್ಲಿ ನಾಲ್ಕು ಸೀಸನ್ ಸೇರಿ 48 ಕ್ಯಾಚ್ ಅಷ್ಟೆ, ಆ ಟೀಮ್ ಟೈಟ್ ಎಂಡ್‌ಗಳನ್ನ (ಪಾಸ್ ಹಿಡಿಯೋದು, ಎದುರಾಳಿನ ತಡೆಯೋದು ಎರಡೂ ಮಾಡೋರು) ತಡೆಯೋ ಕೆಲಸಕ್ಕೆ ಇಟ್ಕೊಂಡಿತ್ತು. 2017ರಲ್ಲಿ 5ನೇ ರೌಂಡ್. ಮುಂದಿನ ವರ್ಷಾನೇ 1,377 ಯಾರ್ಡ್, ಟೈಟ್ ಎಂಡ್‌ಗಳಲ್ಲಿ ಆವಾಗಿನ ದಾಖಲೆ. ರಿಸೀವರ್ ಪ್ಯೂಕಾ ನಕೂವಾ 2023ರಲ್ಲಿ 177ನೇ ಪಿಕ್, ಮೊದಲ ಸೀಸನ್ನೇ 105 ಕ್ಯಾಚ್, 1,486 ಯಾರ್ಡ್.

ಇನ್ನೊಂದು, ಸೀಸನ್‌ಗೆ ಮುಂಚೆ ಒಂದೊಂದು ಟೀಮ್‌ನ ಕ್ಯಾಂಪ್‌ಗೆ 90 ಜನ ಬರ್ತಾರೆ, ಉಳಿಯೋದು 53, ಪ್ರಾಕ್ಟೀಸ್ ಸ್ಕ್ವಾಡ್ (ಅಭ್ಯಾಸಕ್ಕೆ ಅಂತ ಇಟ್ಕೊಳೋರು) ಸೇರ್ಸಿದ್ರೂ ಬಹಳ ಜನ ಮನೆಗೆ. ಐದರಲ್ಲಿ ಒಬ್ಬ ನಿಂತ್ರೂ ನೀವು ಗೆದ್ದಂಗೆ ಲೆಕ್ಕ ಹಾಕಿ.

---

ಸ್ಟೀಲ್‌ಸಿಟಿ_ಮಲ್ಲೇಶ್ವರಂ:

ಪೋರ್ಟಲ್ ಮಾತು ಒಪ್ತೀನಿ ಗುರು, ಕ್ವಾರ್ಟರ್‌ಬ್ಯಾಕು ರಿಸೀವರ್ ವಿಷ್ಯದಲ್ಲಿ ಅದು ನಿಜ. ಆದ್ರೆ ಎಲ್ರೂ ಊರು ಬಿಡಲ್ಲ. ಮನೆ ಹತ್ರ ಇರ್ಬೇಕು, ಕೋರ್ಸ್ ಮುಗಿಸ್ಬೇಕು, ಅವಕಾಶ ಕೊಟ್ಟ ಕೋಚ್‌ನ ಬಿಟ್ಟು ಹೋಗ್ಬಾರ್ದು ಅನ್ನೋ ಹುಡುಗರು ಈಗ್ಲೂ ಇದಾರೆ. ಪೋರ್ಟಲ್ ಬಂದ್ಮೇಲೆ ಸ್ಕೌಟ್‌ಗಳೂ ಸಣ್ಣ ಕಾಲೇಜಿಗೆ ಹೋಗೋದು ಕಮ್ಮಿ ಮಾಡಿದ್ರೆ ಅಂಥವರು ಇನ್ನೂ ಜಾಸ್ತಿ ಮರೆಯಾಗ್ತಾರೆ.

---

ಬನಶಂಕರಿ_ಎಂಡ್‌ಝೋನ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಯಾರೂ ಬಿಡಿಸಿ ಹೇಳಿರ್ಲಿಲ್ಲ. ಫಿಸಿಯೋ ಮೇಡಂ, ಹೆಸರು ಆರಿಸಿದ್ಮೇಲೆ ಅವರ ಗಾಯದ ವಿವರ ಹಾಕಿದ್ರೆ ಒಂದ್ಸಲ ನೋಡ್ತೀರಾ? ಇನ್ನೊಂದು, ನಾನು ಶಿಫ್ಟ್‌ನಲ್ಲಿ ಇರ್ತೀನಿ, ಡ್ರಾಫ್ಟ್ ಲೈವ್ ಯಾವ ದಿನ ಕೂತ್ಕೊಂಡ್ರೆ ಪ್ರಯೋಜನ?

---

ಫಿಸಿಯೋ_ಬಸವನಗುಡಿ:

ಖಂಡಿತ ಹಾಕಿ, ಯಾವ ಕಾಲು, ಯಾವ ತಿಂಗಳು, ವಾಪಸ್ ಬಂದ್ಮೇಲೆ ಎಷ್ಟು ಸ್ನ್ಯಾಪ್ ಆಡ್ದ ಅಂತ ಇದ್ರೆ ಸಾಕು.

---

ಲೈನ್_ಮಾತ್ರ_ನೋಡೋನು:

ಮೊದಲ ರೌಂಡ್ ನಮಗೆ ಶುಕ್ರವಾರ ಬೆಳಗ್ಗೆ 5:30ಕ್ಕೆ, ಅದನ್ನ ಬಿಡಿ, ನಿಮಗೆ ಬೇಕಾಗಿಲ್ಲ. 4ರಿಂದ 7ನೇ ರೌಂಡ್ ಶನಿವಾರ ರಾತ್ರಿ 9:30ಕ್ಕೆ ಶುರು, ಊಟ ಮುಗಿಸಿ ಕೂತ್ಕೊಳಿ. 7ನೇ ರೌಂಡ್ ಮುಗಿದ ಮೇಲೂ ಮಲಗ್ಬೇಡಿ, ಉಳಿದ ಹುಡುಗರಿಗೆ ಟೀಮ್‌ಗಳಿಂದ ಫೋನ್ ಹೋಗೋದು ಆಗಲೇ. ಅಲ್ಲಿ ಹುಡುಗಾನೇ ಟೀಮ್ ಆರಿಸ್ಕೋಬಹುದು, ಅವನ ಜಾಗದಲ್ಲಿ ಜನ ಕಮ್ಮಿ ಇರೋ ಟೀಮ್‌ಗೆ ಸಹಿ ಹಾಕಿದ್ನಾ ಅಂತ ನೋಡಿ. ಅದಕ್ಕೇ ಲಿಸ್ಟಲ್ಲಿ ಒಂದು ಜಾಗ ಖಾಲಿ ಇಟ್ಟು ಭಾನುವಾರ ತುಂಬ್ಸೋಕೆ ನಿಮ್ಮ ಆಟದಲ್ಲಿ ರೂಲ್ ಇದ್ಯಾ ಕೇಳಿ.